ಮಣಿ ಇದ್ದಮೇಲೆ ದೇಚುಗೆ ಭಯ ಯಾಕೆ?

ಪ್ರಶ್ನೆ: ನಾನು ಕೊಡಗಿನ ನಾಪೋಕ್ಲು ಕಡೆಯ ಪ್ರಾಥಮಿಕ ಶಾಲೆಯೊಂದರ ಟೀಚರ್. ಮಕ್ಕಳಿಗಾಗಿ ಒಂದು ಫ್ಯಾಂಟಸಿ ಕಾದಂಬರಿ ಬರೆದಿದ್ದೇನೆ. ಕೈಬರಹದಲ್ಲಿ 140 ಪುಟ ಆಗಿದೆ. ಮೈಸೂರಿನ 11 ವರ್ಷದ ಹುಡುಗಿ ದೇಚಮ್ಮ, ಅಂದರೆ ದೇಚು, ಜುಲೈಯಲ್ಲಿ ಅಜ್ಜಿಯ ಜೊತೆ ಇರಲು ಐನ್‌ಮನೆಗೆ, ಅಂದರೆ ಮನೆತನದ ಮೂಲಮನೆಗೆ, ಬರುತ್ತಾಳೆ. ದೇವರಕಾಡಿನಲ್ಲಿ ಅಯ್ಯಪ್ಪನಿಗೆ ಹರಕೆಯಾಗಿ ಇಟ್ಟ ಮಣ್ಣಿನ ನಾಯಿಗಳಲ್ಲಿ ಒಂದಕ್ಕೆ ಜೀವ ಬರುತ್ತದೆ. ಅದರ ಹೆಸರು ಕೆಂಚ. ಊರಿನವರ ನೆನಪು ತಿನ್ನುವ ಮಂಜಿನ ರಾಕ್ಷಸ ಮಬ್ಬ. ಕೆಂಚ ಕೊಟ್ಟ ನೀಲಿ ಮಣಿಯಿಂದ ದೇಚು ಏಳು ಗಂಡಾಂತರ ದಾಟಿ ಮಬ್ಬನನ್ನು ಗೆಲ್ಲುತ್ತಾಳೆ. 5ನೇ ತರಗತಿಯ ಮಕ್ಕಳಿಗೆ ಓದಿ ಹೇಳಿದೆ. ಕೆಂಚ ಬಂದಾಗ ಕಿವಿ ನೆಟ್ಟಗೆ ಮಾಡಿ ಕೇಳಿದರು. ಆಮೇಲೆ ಒಬ್ಬೊಬ್ಬರೇ ಕಿಟಕಿ ನೋಡಲು ಶುರು ಮಾಡಿದರು. ಒಬ್ಬ ಹುಡುಗ, ‘ಮಣಿ ಇದೆಯಲ್ಲ ಮಿಸ್, ಅವಳಿಗೇನೂ ಆಗಲ್ಲ’ ಅಂದ. ಮೊಬೈಲ್ ಕಾಲದ ಮಕ್ಕಳು ಮಾಯೆ-ಮಂತ್ರ ನಂಬೋದಿಲ್ಲ ಅಂತ ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಹೆದರಿಸುವ ಭಾಗ ತೆಗೆದು ನೀತಿ ಸೇರಿಸಿ ಅನ್ನುತ್ತಾರೆ ಇನ್ನೊಬ್ಬರು. ನನ್ನ ದೇಚುವಿನಲ್ಲಿ ಏನು ಕಡಿಮೆಯಾಗಿದೆ? ತಿದ್ದಲೋ, ಬಿಟ್ಟುಬಿಡಲೋ?

ಉತ್ತರ: ನೀವು ಕಳಿಸಿದ ಮೂರು ಅಧ್ಯಾಯಗಳನ್ನೂ ಉಳಿದದ್ದರ ಸಾರಾಂಶವನ್ನೂ ಎರಡು ಸಲ ಓದಿದೆ. ಬಿಡಬೇಡಿ. ಕೆಂಚನಂಥ ಪಾತ್ರ ಎಲ್ಲರ ಕೈಗೂ ಸಿಗುವುದಿಲ್ಲ. ಮಡಿಕೇರಿಯಲ್ಲಿ ಕೂತು 20 ವರ್ಷದಿಂದ ಮಕ್ಕಳ ಹಸ್ತಪ್ರತಿಗಳನ್ನು ತಿದ್ದುತ್ತಿದ್ದೇನೆ. ಮಾತಾಡುವ ಮೊಲ, ಹಾರುವ ಆನೆ ಬೇಕಾದಷ್ಟು ಬಂದಿವೆ. ಹರಕೆಯ ನಾಯಿ ಎದ್ದು ನಿಂತದ್ದನ್ನು ನಾನು ಓದಿದ್ದು ಇದೇ ಮೊದಲು.

ನಿಮ್ಮ ಚಿಂತೆ ಇಷ್ಟು ಅಂತ ನನಗೆ ಅರ್ಥವಾಯಿತು: ಮಕ್ಕಳಿಗೆ ನಾಯಿ ಬೇಕು, ಹುಡುಗಿ ಬೇಡ. ಅದಕ್ಕೆ ಮಕ್ಕಳು ಕಾರಣವೋ, ಕಾಲ ಕಾರಣವೋ, ನಿಮ್ಮ ಬರವಣಿಗೆ ಕಾರಣವೋ ಗೊತ್ತಾಗುತ್ತಿಲ್ಲ.

ಮೊದಲು ಆ ಹುಡುಗನ ಮಾತು ತೆಗೆದುಕೊಳ್ಳೋಣ. ಮಾಯೆಯನ್ನು ನಂಬದವನು ಆ ಮಾತು ಆಡುವುದಿಲ್ಲ. ಮಣಿಗೆ ಶಕ್ತಿ ಇದೆ ಅಂತ ಅವನು ಪೂರ್ತಿ ನಂಬಿದ. ನಂಬಿದ್ದರಿಂದಲೇ ಲೆಕ್ಕ ಹಾಕಿದ: ಮಣಿ ಇರುವ ತನಕ ದೇಚು ಸೋಲುವುದಿಲ್ಲ, ಹಾಗಾದರೆ ನಾನು ಯಾಕೆ ಕಾಯಬೇಕು? ನಿಮ್ಮ ಸಹೋದ್ಯೋಗಿ ಹೇಳಿದ್ದು ಸರಿಯಲ್ಲ. ಈ ಮಕ್ಕಳು ಮಾಯೆಯನ್ನು ಚೆನ್ನಾಗಿ ನಂಬುತ್ತಾರೆ, ಆದರೆ ಅದಕ್ಕೆ ಕಟ್ಟಳೆ ಇರಬೇಕು ಅನ್ನುತ್ತಾರೆ. ಮೊಬೈಲ್ ಆಟದಲ್ಲೂ ಹಾಗೇ ಅಲ್ವಾ? ಎಂದೂ ಸಾಯದ ಆಟಗಾರನನ್ನು ಹತ್ತು ನಿಮಿಷಕ್ಕಿಂತ ಜಾಸ್ತಿ ಯಾರೂ ಆಡುವುದಿಲ್ಲ. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಬರೆದ ಟೋಲ್ಕಿನ್ 1939ರಲ್ಲಿ ಸ್ಕಾಟ್ಲೆಂಡಿನಲ್ಲಿ ಮಾಡಿದ ಒಂದು ಭಾಷಣದಲ್ಲಿ ಇದನ್ನೇ ವಿವರಿಸಿದರು. ಬರೆಯುವವನು ಇನ್ನೊಂದು ಲೋಕ ಕಟ್ಟುತ್ತಾನೆ, ಅದರ ಒಳಗಿರುವ ತನಕ ಆ ಲೋಕದ ಕಟ್ಟಳೆಯೇ ನಿಜ, ಅಪನಂಬಿಕೆ ಹುಟ್ಟಿದ ಗಳಿಗೆ ಮಾಟ ಮುರಿದು ನಾವು ಹೊರಗೆ ನಿಂತಿರುತ್ತೇವೆ. ನಿಮ್ಮ ತರಗತಿಯ ಮಕ್ಕಳು ಕಿಟಕಿ ನೋಡಿದ್ದು ಆ ಗಳಿಗೆಯಲ್ಲೇ.

ಇನ್ನು ದೇಚು. ಅವಳನ್ನು ನೀವು ಪರಿಚಯಿಸಿದ್ದು ಹೀಗೆ: ‘ದೇಚು ಬಹಳ ಧೈರ್ಯವಂತೆ, ಜಾಣೆ, ಎಲ್ಲರಿಗೂ ಸಹಾಯ ಮಾಡುವ ಹುಡುಗಿಯಾಗಿದ್ದಳು. ಪ್ರಕೃತಿ ಎಂದರೆ ಅವಳಿಗೆ ಪಂಚಪ್ರಾಣ.’

ಇದು ಶಾಲೆಯ ಪ್ರಗತಿಪತ್ರದಲ್ಲಿ ಬರೆಯುವ ಮಾತು. ತಪ್ಪು ನಿಮ್ಮೊಬ್ಬರದಲ್ಲ, ನಮ್ಮೆಲ್ಲರ ಕಿವಿಯಲ್ಲಿ ಅಜ್ಜಿ ಕಥೆ ಕೂತಿದೆ. ಅಜ್ಜಿ ಕಥೆಯ ಕಿರಿಯ ಮಗ ಒಳ್ಳೆಯವನು, ಮಲತಾಯಿ ಕೆಟ್ಟವಳು, ಅಷ್ಟೇ. ಅವರಿಗೆ ಒಳಮನಸ್ಸು ಇರುವುದಿಲ್ಲ. ಯುರೋಪಿನ ಜಾನಪದ ಕಥೆಗಳ ಬಗ್ಗೆ ಮ್ಯಾಕ್ಸ್ ಲ್ಯೂಥಿ ಎಂಬ ಸ್ವಿಸ್ ವಿದ್ವಾಂಸರು 1947ರಲ್ಲಿ ಹೇಳಿದ್ದು ಇದನ್ನೇ: ಅಲ್ಲಿನ ಪಾತ್ರಗಳಿಗೆ ಆಳವಿಲ್ಲ, ಅದು ಕೊರತೆಯಲ್ಲ, ಆ ಪ್ರಕಾರದ ಗುಣವೇ ಹಾಗೆ. ನಮ್ಮ ಕಥೆಗಳಿಗೂ ಇದು ಒಪ್ಪುತ್ತದೆ. ಆದರೆ ಅಜ್ಜಿ ಕಥೆ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ನಿಮ್ಮದು 140 ಪುಟ. ಅಷ್ಟು ದೂರ ಒಬ್ಬಳ ಜೊತೆ ನಡೆಯಬೇಕಾದರೆ ಅವಳು ಮುಂದೆ ಏನು ಮಾಡುತ್ತಾಳೋ ಅನ್ನುವ ಕುತೂಹಲ ಇರಬೇಕು. ಇಂಗ್ಲಿಷ್ ಕಾದಂಬರಿಕಾರ ಇ. ಎಂ. ಫಾರ್ಸ್ಟರ್ 1927ರಲ್ಲಿ ಪಾತ್ರಗಳನ್ನು ಚಪ್ಪಟೆ, ದುಂಡು ಅಂತ ಎರಡಾಗಿ ವಿಂಗಡಿಸಿ ದುಂಡು ಪಾತ್ರಕ್ಕೆ ಒಂದು ಪರೀಕ್ಷೆ ಹೇಳಿದರು. ಅದು ನಮ್ಮನ್ನು ಅಚ್ಚರಿಪಡಿಸಬೇಕು, ಆ ಅಚ್ಚರಿಯನ್ನು ನಾವು ನಂಬಬೇಕು. ಎಲ್ಲ ಪಾತ್ರವೂ ದುಂಡಾಗಬೇಕಿಲ್ಲ. ಅಂಗಡಿಯವರು, ಬಸ್ಸಿನ ಕಂಡಕ್ಟರ್ ಚಪ್ಪಟೆ ಇದ್ದರೇ ಚೆಂದ. ದೇಚು ಮಾತ್ರ ಹಾಗಿರಬಾರದು.

ಅವಳನ್ನು ದುಂಡಾಗಿಸುವ ಸಾಮಾನು ನಿಮ್ಮ ಎರಡನೇ ಅಧ್ಯಾಯದಲ್ಲೇ ಬಿದ್ದಿದೆ. ಅಜ್ಜನ ಬೆಳ್ಳಿಯ ಪೀಚೆಕತ್ತಿಯನ್ನು, ಸೊಂಟಕ್ಕೆ ಸಿಕ್ಕಿಸುವ ಆ ಸಣ್ಣ ಕತ್ತಿಯನ್ನು, ದೇಚು ಕೇಳದೆ ತೆಗೆದುಕೊಂಡು ಹೋಗಿ ತೋಡಿಗೆ, ಅಂದರೆ ಸಣ್ಣ ತೊರೆಗೆ, ಬೀಳಿಸುತ್ತಾಳೆ. ಅದನ್ನು ಓದಿ ನನ್ನ ಎದೆ ಹೊಡೆದುಕೊಂಡಿತು. ಪುಟ ತಿರುವಿದರೆ ಮಣಿ ಹೊಳೆಯಿತು, ಕತ್ತಿ ಸಿಕ್ಕಿತು, ಅಜ್ಜಿಗೆ ಗೊತ್ತೂ ಆಗಲಿಲ್ಲ. ಅರ್ಧ ಪುಟದಲ್ಲಿ ಇಡೀ ಕಾದಂಬರಿಯನ್ನು ಕೈಬಿಟ್ಟುಬಿಟ್ಟಿರಿ!

ಕತ್ತಿ ಸಿಗದೇ ಇರಲಿ. ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತ ಬರುವುದು ಸೆಪ್ಟೆಂಬರ್ ಮೊದಲ ವಾರದಲ್ಲಿ. ಆ ದಿನ ಮನೆಯ ಆಯುಧಗಳೆಲ್ಲ ಹೊರಬರುತ್ತವೆ, ತೋಕ್ ಪೂ ಅನ್ನುವ ಹೂ ಇಟ್ಟು ಪೂಜೆಯಾಗುತ್ತದೆ. ಕೋವಿ ಇದೆ, ಒಡಿಕತ್ತಿ ಇದೆ, ಪೀಚೆಕತ್ತಿ ಎಲ್ಲಿ? ಕೊಡಗಿನ ಯಾವ ಮಗುವಿಗೂ ಈ ಪ್ರಶ್ನೆ ವಿವರಿಸಬೇಕಿಲ್ಲ. ದೇಚು ಕತ್ತಿ ಕಳೆದದ್ದು ಜುಲೈ ಕೊನೆಯಲ್ಲಿ ಅಂದರೆ ಅವಳ ಕೈಯಲ್ಲಿ ಐದು ವಾರ ಇದೆ. ಕಥೆಗೆ ಗಡಿಯಾರ ಸಿಕ್ಕಿತು.

ಈಗ ಮಬ್ಬನನ್ನು ತನ್ನಿ. ಅವನು ನೆನಪು ತಿನ್ನುತ್ತಾನೆ. ಅಜ್ಜಿ ಪೀಚೆಕತ್ತಿಯನ್ನು ಮರೆತರೆ ದೇಚು ಬಚಾವ್. ಅಂದರೆ ಊರಿನಲ್ಲಿ ಮಬ್ಬ ಬರಲಿ ಅಂತ ಒಳಗೊಳಗೇ ಬಯಸುವ ಒಬ್ಬಳೇ ಒಬ್ಬಳು ನಿಮ್ಮ ನಾಯಕಿ! ಊರನ್ನು ಉಳಿಸಬೇಕಾದವಳೂ ಅವಳೇ. ಅಜ್ಜಿ ಕತ್ತಿಯನ್ನು ಮರೆತ ದಿನ ಅವಳಿಗೆ ಹಗುರ ಅನ್ನಿಸಬೇಕು. ನಾಲ್ಕು ದಿನ ಬಿಟ್ಟು ಅಜ್ಜಿ ಅವಳ ಮುಖ ನೋಡಿ ‘ನೀನು ಯಾರ ಮಗಳು, ಮಗು?’ ಅಂತ ಕೇಳಬೇಕು.

ಇಷ್ಟಾದರೆ ‘ಅವಳಿಗೇನೂ ಆಗಲ್ಲ’ ಅಂತ ಆ ಹುಡುಗ ಹೇಳಲಾರ. ಆಗಬೇಕಾದ್ದು ಆಗಿಯೇ ಹೋಗಿದೆ, ಅದೂ ಅವಳದೇ ಆಸೆಯಿಂದ. ಒಂದು ಮಗು ಬಾಯಿಬಿಟ್ಟು ಹೇಳಲಾರದ ಆಸೆ ಇರುತ್ತದೆ, ಹೇಳಲಾರದ ಭಯ ಇರುತ್ತದೆ. ಮಾಯೆ ಬಂದು ಅದನ್ನು ಹೊರಗೆಳೆದು ಕಣ್ಣ ಮುಂದೆ ನಿಲ್ಲಿಸುತ್ತದೆ. ನಾನು ಫ್ಯಾಂಟಸಿಯನ್ನು ಪ್ರೀತಿಸುವುದು ಇದಕ್ಕೇ.

ಗುಣ ಹೇಳದೆ ತೋರಿಸುವುದು ಹೇಗೆ ಅಂತ ನೀವು ಕೇಳಬಹುದು. ನಿಮ್ಮದೇ ಸಂದರ್ಭ ಇಟ್ಟುಕೊಂಡು ಒಂದು ತುಣುಕು ಬರೆದಿದ್ದೇನೆ. ಕತ್ತಿ ಹುಡುಕಲು ಹೋಗಿ ದೇಚು ಬರಿಗೈಯಲ್ಲಿ ವಾಪಸ್ ಬರುತ್ತಿದ್ದಾಳೆ:

‘ಗದ್ದೆ ದಾಟುವಷ್ಟರಲ್ಲಿ ಕಾಲಿಗೆ ಮೂರು ಜಿಗಣೆ. ಎರಡನ್ನು ಕಿತ್ತೆಸೆದಳು. ಮೂರನೆಯದು ಬೆರಳಿಗೇ ಅಂಟಿಕೊಂಡಿತು. ಕೂಗಬೇಕು ಅನ್ನಿಸಿತು. ಜಗಲಿಯಲ್ಲಿ ಅಜ್ಜಿ ಕೂತಿದ್ದರು. ಕೂಗಿದರೆ ಎಲ್ಲಿಗೆ ಹೋಗಿದ್ದೆ ಅಂತ ಕೇಳುತ್ತಾರೆ. ದೇಚು ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು, ಮೆಟ್ಟಿಲು ಹತ್ತಿ, ನಕ್ಕಳು.’

ಧೈರ್ಯ ಅನ್ನುವ ಪದ ಇಲ್ಲಿ ಎಲ್ಲೂ ಇಲ್ಲ. ಸುಳ್ಳು ಅನ್ನುವ ಪದವೂ ಇಲ್ಲ. ಆದರೂ ಈ ಹುಡುಗಿ ನೋವು ತಡೆಯಬಲ್ಲಳು, ಏನನ್ನೋ ಮುಚ್ಚಿಡುತ್ತಿದ್ದಾಳೆ ಅನ್ನುವುದು ಮಗುವಿಗೆ ಗೊತ್ತಾಗುತ್ತದೆ. ಮುಷ್ಟಿಯೊಳಗೆ ಜಿಗಣೆ ರಕ್ತ ಕುಡಿಯುತ್ತಲೇ ಇದೆ. ಅದನ್ನೂ ಮಗು ಮರೆಯುವುದಿಲ್ಲ.

ಜೊತೆಗೆ ಒಂದು ಸಣ್ಣ ತೊಡಕು. ಜುಲೈಯಲ್ಲಿ ಮೈಸೂರಿನ ಶಾಲೆಗೆ ರಜೆ ಇಲ್ಲ. ದೇಚು ಹೇಗೆ ಬಂದಳು ಅಂತ ಮಕ್ಕಳು ಕೇಳೇ ಕೇಳುತ್ತಾರೆ. ಅವಳು ಬಂದಿರುವುದು ಇದ್ದು ಓದುವುದಕ್ಕೆ, ಅವಳನ್ನು ಕೇಳದೆಯೇ ಕಳಿಸಿದ್ದಾರೆ ಅಂತ ಮಾಡಿ ನೋಡಿ. ಅಜ್ಜಿಯ ಹತ್ತಿರ ಕತ್ತಿಯ ವಿಷಯ ಹೇಳಲು ಅವಳು ಯಾಕೆ ಹೆದರುತ್ತಾಳೆ ಅನ್ನುವುದಕ್ಕೂ ಆಗ ಕಾರಣ ಸಿಗುತ್ತದೆ.

ಮಣಿಯ ವಿಷಯದಲ್ಲಿ ನಿಮ್ಮ ಮುಂದೆ ಮೂರು ದಾರಿ ಇವೆ. ಮಣಿಯನ್ನು ಇಟ್ಟುಕೊಂಡು ಅದಕ್ಕೆ ಬೆಲೆ ಕಟ್ಟಬಹುದು: ಒಮ್ಮೆ ಬಳಸಿದರೆ ದೇಚು ತನ್ನದೇ ಒಂದು ನೆನಪು ಕಳೆದುಕೊಳ್ಳಬೇಕು. ಚೆನ್ನಾಗಿರುತ್ತದೆ, ಆದರೆ ಏಳು ಸಲ ಅದೇ ಮಾಡಿದರೆ ಲೆಕ್ಕದ ಪುಸ್ತಕವಾಗುತ್ತದೆ. ಎರಡು ಸಲಕ್ಕಿಂತ ಜಾಸ್ತಿ ಬೇಡ. ಮಣಿಯನ್ನು ನಡುವೆ ಕಳೆಯಬಹುದು. ಇದು ಸುಲಭದ ದಾರಿ, ಎಲ್ಲರೂ ಮಾಡುವುದು ಇದನ್ನೇ. ಮಕ್ಕಳು ಅದು ವಾಪಸ್ ಸಿಗುವುದನ್ನೇ ಕಾಯುತ್ತಾ ಕೂರುತ್ತಾರೆ. ಮೂರನೆಯದು, ಮಣಿಯನ್ನು ತೆಗೆದೇ ಹಾಕುವುದು. ನಾನು ಹೇಳುವುದು ಇದನ್ನು. ನೀಲಿ ಮಣಿ ಎಲ್ಲಿಂದಲೋ ಬಂದ ಮಾಯೆ. ಕೊಡಗಿನ ನೆಲದಲ್ಲೇ ಹುಟ್ಟಿದ, ಹುಟ್ಟುವಾಗಲೇ ಕಟ್ಟಳೆ ಹೊತ್ತು ಬಂದ ಸಂಗತಿಗಳು ನಿಮ್ಮ ಹಿತ್ತಲಲ್ಲೇ ಇವೆ.

ಮದ್ದು ಸೊಪ್ಪನ್ನೇ ನೋಡಿ. ಬೇಲಿ ಪಕ್ಕ, ತೋಡಿನ ಪಕ್ಕ ಬೆಳೆಯುವ ಗಿಡ. ಕಕ್ಕಡ ತಿಂಗಳ 18ಕ್ಕೆ, ಅಂದರೆ ಆಗಸ್ಟ್ 3ರ ಹೊತ್ತಿಗೆ, ಅದರಲ್ಲಿ 18 ಬಗೆಯ ಮದ್ದು ಸೇರುತ್ತದೆ ಅಂತ ನಮ್ಮ ಹಿರಿಯರ ನಂಬಿಕೆ. ಕುದಿಸಿದರೆ ನೀರು ಕಡು ನೇರಳೆ. ಅದರಲ್ಲಿ ಪಾಯಸ ಮಾಡಿ ತಿಂದರೆ ಮರುದಿನ ಮೂತ್ರವೂ ಕೆಂಪಾಗುತ್ತದೆ. ಅದನ್ನು ಹೇಳಿಕೊಂಡು ನಗದ ಮಕ್ಕಳು ಕೊಡಗಿನಲ್ಲಿ ಇದ್ದಾರಾ? ವರ್ಷಕ್ಕೆ ಒಂದೇ ದಿನ, ಒಂದೇ ಗಿಡ, ಕುಡಿದವರ ಮೈಯಲ್ಲೇ ಗುರುತು. ಮಾಯೆಗೆ ಬೇಕಾದ ಎಲ್ಲ ಕಟ್ಟಳೆಯೂ ಇದರಲ್ಲಿದೆ. ಆ ಪಾಯಸ ತಿಂದವರ ನೆನಪನ್ನು ಕೆಲವು ದಿನ ಮಬ್ಬ ಮುಟ್ಟಲಾರ ಅಂತ ಇಟ್ಟುಕೊಳ್ಳಿ. ಮೈಸೂರಿನ ಹುಡುಗಿ ದೇಚು ವಾಸನೆಗೆ ಮೂಗು ಮುರಿದು, ತನ್ನ ಪಾಲನ್ನು ಕಿಟಕಿಯಿಂದ ಚೆಲ್ಲಿದ್ದಾಳೆ ಅಂತ ಮೊದಲೇ ಒಂದು ಸಾಲು ಬರೆದಿಡಿ. 60 ಪುಟ ಆದಮೇಲೆ ಆ ಸಾಲು ಎದ್ದು ಬಂದು ಅವಳನ್ನು ಹಿಡಿಯುತ್ತದೆ. ಸುಳಿವು ಬಿಡುವ ತಂತ್ರ ಅಂದರೆ ಇದು. ಬಿಟ್ಟಾಗ ಸುಳಿವು ಅಂತ ಗೊತ್ತಾಗಬಾರದು.

ಕೆಂಚನ ಬಗ್ಗೆ ಎರಡು ಮಾತು. ಸುಟ್ಟ ಮಣ್ಣಿನ ನಾಯಿ ಮಳೆಗೆ ಕರಗುವುದಿಲ್ಲ, ಆದರೆ ಒಡೆಯುತ್ತದೆ. ನೀವು ಅವನನ್ನು ಬಂಡೆಯಿಂದ ಬಂಡೆಗೆ ಹಾರಿಸಿದ್ದೀರಿ! ಅವನು ಹೆಜ್ಜೆ ನೋಡಿ ನೋಡಿ ಇಡಬೇಕು. ಮಳೆಗಾಲ ಕಳೆದಂತೆ ಬೆನ್ನ ಮೇಲೆ ಪಾಚಿ ಏರಬೇಕು. ಮುಂಗಾಲಿನಲ್ಲಿ ಒಂದು ಬಿರುಕು ಇರಲಿ. ಪ್ರತಿ ಅಧ್ಯಾಯದಲ್ಲೂ ಅದು ಒಂದು ಬೆರಳಷ್ಟು ಮುಂದೆ ಹೋಗಲಿ. ಮಕ್ಕಳು ಉಸಿರು ಬಿಗಿಹಿಡಿದು ಅದನ್ನೇ ನೋಡುತ್ತಾರೆ. ಎರಡನೆಯದು, ಅವನು ಜಾಸ್ತಿ ಮಾತಾಡುತ್ತಾನೆ. ದೇಚು ಕಂಡುಹಿಡಿಯಬೇಕಾದ್ದನ್ನೆಲ್ಲ ಅವನೇ ಹೇಳಿಬಿಡುತ್ತಾನೆ. ಪೂರ್ತಿ ಮೂಕನನ್ನಾಗಿ ಮಾಡಿದರೆ ತಮಾಷೆ ಮಾಯವಾಗುತ್ತದೆ, ಮಕ್ಕಳು ನಕ್ಕಿದ್ದು ಅವನ ಮಾತಿಗೇ. ನಡುದಾರಿ ಒಂದಿದೆ: ಅವನಿಗೆ ದೇವರಕಾಡಿನೊಳಗೆ ಕಂಡದ್ದು ಮಾತ್ರ ಗೊತ್ತು. ಬಸ್ಸು ಗೊತ್ತಿಲ್ಲ, ಕರೆಂಟು ಗೊತ್ತಿಲ್ಲ, ಅಜ್ಜಿಯ ಮನಸ್ಸಂತೂ ಗೊತ್ತೇ ಇಲ್ಲ.

ಇಲ್ಲಿ ಎಚ್ಚರವೂ ಬೇಕು. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ಅವು ಕಥೆಗೆ ಕಟ್ಟಿದ ರಂಗಸಜ್ಜಿಕೆಯಲ್ಲ, ಜನ ಇವತ್ತಿಗೂ ಭಯಭಕ್ತಿಯಿಂದ ಕಾಲಿಡುವ ಜಾಗ. ಇಂಥ ಕಾಡಿನಿಂದ ಹರಕೆಯ ವಸ್ತುವನ್ನು ಹೊರಗೆ ತರುವುದು ಸಣ್ಣ ಮಾತೇ? ಮೂರನೇ ಅಧ್ಯಾಯದಲ್ಲಿ ದೇಚು ಕೆಂಚನನ್ನು ಬ್ಯಾಗಿನಲ್ಲಿ ಹಾಕಿಕೊಂಡು ಬರುತ್ತಾಳೆ, ಯಾರೂ ಏನೂ ಅನ್ನುವುದಿಲ್ಲ. ನಿಮ್ಮೂರಿನ ಹಿರಿಯರಿಗೆ ಆ ಭಾಗ ಓದಿ ಹೇಳಿ. ಅವರ ಮುಖದಲ್ಲಿ ಏನು ಕಾಣುತ್ತದೋ ಅದನ್ನು ಕಥೆಯೊಳಗೆ ತನ್ನಿ. ನಿಜವಾದ ಕಾಡಿನ ಹೆಸರು ಹಾಕಬೇಡಿ, ಊರಿಗೂ ಹೊಸ ಹೆಸರು ಕೊಡಿ. ನಿಜವಾದ ಹೆಸರಿನಲ್ಲಿ ಒಂದು ಆಪ್ತತೆ ಇರುತ್ತದೆ ನಿಜ, ಆದರೆ ಯಾರದೋ ಒಕ್ಕದ, ಅಂದರೆ ಮನೆತನದ, ನಂಬಿಕೆಗೆ ನೀವು ಹೊಸ ಕಥೆ ಅಂಟಿಸಿದ ಹಾಗಾಗುತ್ತದೆ. ಮಬ್ಬನನ್ನು ತೆರೆಯ, ಅಂದರೆ ವೇಷ ಕಟ್ಟಿ ಕುಣಿಯುವ ಆರಾಧನೆಯ, ಯಾವುದಾದರೂ ದೈವದ ಹಾಗೆ ಚಿತ್ರಿಸಬೇಕು ಅನ್ನುವ ಯೋಚನೆ ನಿಮ್ಮ ಟಿಪ್ಪಣಿಯಲ್ಲಿದೆ. ಅದು ಖಂಡಿತ ಬೇಡ. ಜನ ಕೈಮುಗಿಯುವ ದೈವ ಖಳನಾಯಕ ಆಗಬಾರದು.

ಇನ್ನೊಂದು ಪಾತ್ರ ನನ್ನನ್ನು ಕಾಡಿತು. ಜೇನುಕುರುಬರ ತಾತ ಮೂರು ಸಲ ಬರುತ್ತಾರೆ, ದಾರಿ ತೋರಿಸುತ್ತಾರೆ, ಬೇರು ಕೊಡುತ್ತಾರೆ, ಮಂಜಿನಲ್ಲಿ ಮರೆಯಾಗುತ್ತಾರೆ. ನಿಮ್ಮ ಉದ್ದೇಶ ಒಳ್ಳೆಯದೇ. ಆದರೂ ಅವರಿಗೆ ಹೆಸರಿಲ್ಲ, ಮನೆಯಿಲ್ಲ, ತಮ್ಮದೇ ಒಂದು ಕೆಲಸವಿಲ್ಲ. ದೇಚುವಿಗೆ ಸಹಾಯ ಮಾಡುವುದಕ್ಕೇ ಹುಟ್ಟಿದ ಹಾಗಿದ್ದಾರೆ. ಕಾಡಿನ ಜನರನ್ನು ಕಾಡಿನ ಮಾಯೆಯ ಒಂದು ತುಂಡು ಮಾಡುವುದು ನಮ್ಮ ಬರವಣಿಗೆಯಲ್ಲಿ ತುಂಬ ಹಳೆಯ ರೂಢಿ. ಆ ಮನೆಯ ಮಗುವೂ ನಿಮ್ಮ ಪುಸ್ತಕ ಓದುತ್ತದೆ ಅಂತ ನೆನಪಿಡಿ. ತಾತನ ಬದಲು ದೇಚುವಿನ ತರಗತಿಯಲ್ಲೇ ಒಬ್ಬ ಹುಡುಗಿ ಇರಲಿ. ದೇಚು ಜಿಗಣೆಗೆ ಹೆದರುವುದನ್ನು ನೋಡಿ ಅವಳು ನಗಲಿ, ಕರೆದಾಗಲೆಲ್ಲ ಬರದೇ ಇರಲಿ, ಅವಳಿಗೂ ಮಬ್ಬನಿಂದ ಕಾಪಾಡಿಕೊಳ್ಳಬೇಕಾದ ಒಂದು ನೆನಪಿರಲಿ. ಇದರಲ್ಲಿ ಅಪಾಯವೂ ಇದೆ. ಆ ಬದುಕು ಗೊತ್ತಿಲ್ಲದೆ ಬರೆದರೆ ಸುಳ್ಳಾಗುತ್ತದೆ. ಅವರ ಜೊತೆ ಕೂತು ಕೇಳಿ ಬರೆಯಿರಿ. ಆಗದಿದ್ದರೆ ಆ ಪಾತ್ರ ಬಿಡಿ.

ಹೆದರಿಸುವ ಭಾಗ ತೆಗೆಯಬೇಕಾ? ಬೇಡ. ಮಕ್ಕಳಿಗೆ ಭಯ ಬೇಕು, ಪಕ್ಕದಲ್ಲಿ ಹಿಡಿದುಕೊಳ್ಳಲು ಒಂದು ಕೈ ಇದ್ದರೆ ಸಾಕು. ನಿಮ್ಮ ಮಬ್ಬನಿಗೆ ಕೋರೆಹಲ್ಲು, ಕೆಂಗಣ್ಣು ಇದೆ. ಅದಕ್ಕೆ ಅವರು ಹೆದರುವುದಿಲ್ಲ, ಟಿವಿಯಲ್ಲಿ ದಿನಾ ನೋಡುತ್ತಾರೆ. ಅವನಿಗೆ ರೂಪವೇ ಬೇಡ. ಎದುರು ಬರುವ ಜೀಪಿನ ಲೈಟ್ ಕೂಡ ಹತ್ತಿರ ಬರುವ ತನಕ ಕಾಣದ ಮಂಜು ನಮ್ಮ ಮಕ್ಕಳಿಗೆ ಗೊತ್ತು. ಅಷ್ಟೇ ಇರಲಿ. ಅವನು ಮೊದಲು ತಿನ್ನುವುದು ಜನ ತಾವಾಗಿಯೇ ಬಿಟ್ಟುಕೊಡುವ ನೆನಪುಗಳನ್ನು. ತೋಟದ ಬೇಲಿಗಾಗಿ ವರ್ಷಗಟ್ಟಲೆ ಮಾತುಬಿಟ್ಟಿದ್ದ ಇಬ್ಬರು ಒಂದೇ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಾರೆ. ಊರಿಗೆಲ್ಲ ಖುಷಿ. ಮಬ್ಬ ಒಳ್ಳೆಯವನೇ ಇರಬೇಕು ಅಂತ ಮಕ್ಕಳಿಗೂ ಅನ್ನಿಸಲಿ. ಆಮೇಲೆ ಒಂದು ರಾತ್ರಿ, ಪಕ್ಕದ ಮನೆಯ ಅವ್ವ ಊಟಕ್ಕೆ ತಟ್ಟೆ ಹಾಕುವಾಗ ಒಂದು ತಟ್ಟೆ ಕಡಿಮೆ ಹಾಕುತ್ತಾರೆ. ಕಿರಿಯ ಮಗ ನಿಂತೇ ಇರುತ್ತಾನೆ.

ಆದರೆ ಕೊನೆಯಲ್ಲಿ ಮಬ್ಬ ಗುಡ್ಡ ಕುಸಿಯುವಂತೆ ಮಾಡುವ ಭಾಗವನ್ನು ದಯವಿಟ್ಟು ತೆಗೆದುಬಿಡಿ. 2018ರ ಆಗಸ್ಟ್‌ನಲ್ಲಿ ಇಲ್ಲಿ ಗುಡ್ಡಗಳು ಕುಸಿದಾಗ ಜೀವ ಹೋಗಿವೆ, ಮನೆ ತೋಟ ಹೋಗಿವೆ. ನಿಮ್ಮ ತರಗತಿಯ ಮಕ್ಕಳು ಆಗ ಕೂಸುಗಳು, ಆದರೆ ಮನೆಯಲ್ಲಿ ಕೇಳಿ ಬೆಳೆದಿದ್ದಾರೆ. ಆ ನೋವಿನ ಹೊಣೆಯನ್ನು ಒಬ್ಬ ರಾಕ್ಷಸನ ತಲೆಗೆ ಕಟ್ಟಿ, ಮಣಿ ಹಿಡಿದು ನಿಲ್ಲಿಸಿಬಿಟ್ಟರೆ, ಮನೆ ಕಳೆದುಕೊಂಡ ಮಗು ಏನು ಅಂದುಕೊಳ್ಳಬೇಕು? ಆ ವಿಷಯಕ್ಕೆ ಬೇರೆಯೇ ಒಂದು ಪುಸ್ತಕ ಬೇಕು.

ನೀತಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೊನೆಯ ಎರಡು ಪುಟದಲ್ಲಿ ಅಜ್ಜಿ ಮಾಡುವ ಉಪದೇಶ ಬೇಡ. ದೇಚು ಅಜ್ಜಿಯ ಎದುರು ನಿಂತು ‘ಕತ್ತಿ ನಾನೇ ಕಳೆದೆ’ ಅಂದರೆ ಸಾಕು. ಆ ನೆನಪು ವಾಪಸ್ ಬಂದರೆ ಬೈಗುಳವೂ ಬರುತ್ತದೆ ಅಂತ ಅವಳಿಗೆ ಗೊತ್ತಿರಬೇಕು. ಗೊತ್ತಿದ್ದೂ ಹೇಳಬೇಕು.

ಭಾಷೆಯ ಬಗ್ಗೆಯೂ ಒಂದು ಮಾತು. ನಿರೂಪಣೆ ಸರಳ ಕನ್ನಡದಲ್ಲೇ ಇರಲಿ, ಮಾತುಕತೆಯಲ್ಲಿ ಮನೆಯ ಮಾತು ಬರಲಿ. ಕೊಡವ ಮನೆಯಲ್ಲಿ ಅಜ್ಜಿಯನ್ನು ‘ತಾಯಿ’ ಅನ್ನುತ್ತಾರೆ. ಬೀದರಿನ ಮಗು ಅದನ್ನು ಅಮ್ಮ ಅಂತ ಓದಿಕೊಳ್ಳುತ್ತದೆ. ಅದಕ್ಕೆ ಪುಟದ ಕೆಳಗೆ ಅರ್ಥ ಬರೆಯಬೇಡಿ. ದೇಚುವಿನ ಮೈಸೂರಿನ ಗೆಳತಿಗೆ ಫೋನಿನಲ್ಲಿ ಅದೇ ಗೊಂದಲ ಆಗಲಿ, ಇಬ್ಬರೂ ನಗಲಿ. ಬರೆದದ್ದನ್ನೆಲ್ಲ ಗಟ್ಟಿಯಾಗಿ ಓದಿ ನೋಡಿ. ಪಂಜೆ ಮಂಗೇಶರಾಯರು ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದವರು. ಮಕ್ಕಳಿಗೆ ಅವರು ಬರೆದದ್ದು ಇವತ್ತಿಗೂ ನಾಲಿಗೆಯ ಮೇಲೆ ನಿಲ್ಲುವುದು ಅದರಲ್ಲಿರುವ ಸದ್ದಿನಿಂದ. ನಿಮ್ಮ ಕೆಲವು ವಾಕ್ಯಗಳು ಮೂರು ಸಾಲು ಓಡುತ್ತವೆ, ಓದುವಾಗ ನನ್ನ ಉಸಿರು ಸಾಲಲಿಲ್ಲ.

ಕಣ್ಣೋಟವೂ ಮುಖ್ಯ. ಮೂರನೇ ಅಧ್ಯಾಯದಲ್ಲಿ ಇದ್ದಕ್ಕಿದ್ದಂತೆ ಮಬ್ಬನ ಮನಸ್ಸಿನೊಳಗೆ ಹೋಗಿ ಅವನ ಯೋಜನೆಯನ್ನೆಲ್ಲ ಬಿಚ್ಚಿಟ್ಟಿದ್ದೀರಿ. ದೇಚುಗೆ ಗೊತ್ತಿಲ್ಲದ್ದು ನಮಗೂ ಗೊತ್ತಾಗಬಾರದು. ‘ನಾನು’ ಅಂತ ದೇಚುವೇ ಹೇಳುವ ಹಾಗೆ ಬರೆಯಬಹುದು, ಆದರೆ ಅವಳು ಸುಳ್ಳು ಮುಚ್ಚಿಡುವ ಹುಡುಗಿ. ನಮ್ಮಿಂದಲೂ ಮುಚ್ಚಿಡುತ್ತಾಳಾ ಅನ್ನುವ ಪ್ರಶ್ನೆ ಏಳುತ್ತದೆ. ಮೊದಲ ಪುಸ್ತಕಕ್ಕೆ ಅದು ಭಾರ. ‘ದೇಚು’ ಅಂತಲೇ ಬರೆಯಿರಿ, ಅವಳ ಹೆಗಲ ಮೇಲಿಂದ ನೋಡುತ್ತಾ.

ಈಗಲೇ 140 ಪುಟವನ್ನೂ ತಿದ್ದಲು ಕೂರಬೇಡಿ. ಮಣಿ ತೆಗೆದು ಎರಡನೇ ಅಧ್ಯಾಯ ಒಂದನ್ನೇ ಮತ್ತೆ ಬರೆದು ಅದೇ ಹುಡುಗನಿಗೆ ಓದಿ ಹೇಳಿ. ಕತ್ತಿ ತೋಡಿಗೆ ಬಿದ್ದಾಗ ಅವನು ಏನು ಅನ್ನುತ್ತಾನೆ ಅಂತ ಬರೆದುಕೊಳ್ಳಿ, ನನಗೂ ತಿಳಿಸಿ. ಜೊತೆಗೆ ಇನ್ನೊಂದು ವಿಷಯ. ದೇವರಕಾಡಿನ ಒಂದೊಂದು ಮಣ್ಣಿನ ನಾಯಿಯ ಹಿಂದೆಯೂ ಒಬ್ಬರ ಹರಕೆ ಇರುತ್ತದೆ. ಕೆಂಚನನ್ನು ಅಲ್ಲಿ ತಂದಿಟ್ಟವರು ಯಾರು, ಏನು ಬೇಡಿಕೊಂಡಿದ್ದರು ಅಂತ ನೀವು ಎಲ್ಲೂ ಬರೆದಿಲ್ಲ. ನಾನು ಎರಡು ಸಲ ಹುಡುಕಿದೆ.